ಕಾರ್ಖಾನೆ ತಂಡಗಳನ್ನು ಉಳಿಸಿ, ಮೈದಾನದ ಬೀಗ ತೆಗೆಯಿರಿ: ಒಂದು ಬಹಿರಂಗ ಪತ್ರ

ಗೆ,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಾನ್ಯ ಸಚಿವರು, ಕರ್ನಾಟಕ ಸರ್ಕಾರ;
ಬೆಂಗಳೂರಿನಲ್ಲಿರುವ ಸಾರ್ವಜನಿಕ ವಲಯದ ಉದ್ದಿಮೆಗಳ ಅಧ್ಯಕ್ಷರು ಮತ್ತು ಆಡಳಿತ ನಿರ್ದೇಶಕರು.

ವಿಷಯ: ಸಾರ್ವಜನಿಕ ಉದ್ದಿಮೆಗಳ ಫುಟ್‌ಬಾಲ್ ತಂಡಗಳಿಗೆ ಆಟಗಾರರ ನೇಮಕಾತಿಯನ್ನು ಮರಳಿ ಆರಂಭಿಸುವ ಮತ್ತು ಆ ಉದ್ದಿಮೆಗಳ ಮೈದಾನಗಳನ್ನು ಸುತ್ತಲಿನ ಮಕ್ಕಳಿಗೆ ತೆರೆಯುವ ಕುರಿತು.

ಮಾನ್ಯರೇ,

ನಾನು ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಅದರಲ್ಲಿ ಮೊದಲ ಹದಿಮೂರು ವರ್ಷ ಆ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್ ಬ್ಯಾಕ್ ಆಗಿ, ಅಂದರೆ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರನಾಗಿ, ಆಡಿದೆ. ಈಗ ನಮ್ಮ ಬಡಾವಣೆಯ ಮಕ್ಕಳಿಗೆ ಬೆಳಗಿನ ಹೊತ್ತು ಆಟ ಹೇಳಿಕೊಡುತ್ತಿದ್ದೇನೆ. ನನ್ನ ಹೆಸರು ದೊಡ್ಡ ಆಟಗಾರರ ಪಟ್ಟಿಯಲ್ಲಿ ಎಲ್ಲೂ ಸಿಗುವುದಿಲ್ಲ. ಆದರೆ ಬಡ ಕುಟುಂಬದ ಒಬ್ಬ ಹುಡುಗನಿಗೆ ಈ ನಗರದಲ್ಲಿ ಫುಟ್‌ಬಾಲ್ ಆಟವು ಅನ್ನಕ್ಕೆ ದಾರಿಯಾಗಿದ್ದುದು ಹೇಗೆ, ಆ ದಾರಿ ಮುಚ್ಚಿದ್ದು ಹೇಗೆ ಎಂಬುದನ್ನು ಒಳಗಿನಿಂದ ಕಂಡವರಲ್ಲಿ ನಾನೂ ಒಬ್ಬ. ಆ ಅನುಭವದ ಬಲದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಮ್ಮ ರಾಜ್ಯ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಪತ್ರಿಕೆಗಳೆಲ್ಲ ಒಂದೇ ಮಾತು ಬರೆದವು: ಐವತ್ತನಾಲ್ಕು ವರ್ಷಗಳ ನಂತರ. ಅದಕ್ಕೆ ಮೊದಲು ನಾವು ಆ ಟ್ರೋಫಿಯನ್ನು ಎತ್ತಿದ್ದು 1968-69ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದ ಕಾಲದಲ್ಲಿ. ಅಂದರೆ ಕರ್ನಾಟಕ ಎಂಬ ಹೆಸರಿನಲ್ಲಿ ನಮಗೆ ಸಿಕ್ಕ ಮೊದಲ ಸಂತೋಷ್ ಟ್ರೋಫಿ 2023ರದು. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು, ನಾನೂ ಹೊಡೆದೆ. ಮಾರನೆಯ ದಿನ ಬೆಳಿಗ್ಗೆ ಹದಿನಾರು ವರ್ಷದ ಒಬ್ಬ ಹುಡುಗ ನನ್ನನ್ನು ಕೇಳಿದ: "ಅಂಕಲ್, ಈಗ ಗೆದ್ದವರಿಗೆ ಕೆಲಸ ಎಲ್ಲಿ ಸಿಗುತ್ತೆ?" ಅವನ ತಂದೆ ಆಟೋ ಓಡಿಸುತ್ತಾರೆ, ತಾಯಿ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಹತ್ತನೇ ತರಗತಿ ಮುಗಿದ ಮೇಲೂ ಇನ್ನೆರಡು ವರ್ಷ ಆಡುವುದಕ್ಕೆ ಬಿಡಬೇಕೆಂದು ಅವನು ಮನೆಯವರನ್ನು ಒಪ್ಪಿಸಬೇಕಾಗಿತ್ತು, ಅದಕ್ಕಾಗಿ ಆ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ. ಇದೇ ಪ್ರಶ್ನೆಯನ್ನು 1980ರ ಸುಮಾರಿಗೆ ನಾನು ನನ್ನ ಗುರುಗಳನ್ನು ಕೇಳಿದ್ದಾಗ ಅವರು ಒಂದೇ ಉಸಿರಿಗೆ ಏಳೆಂಟು ಹೆಸರು ಹೇಳಿದ್ದರು.

ಆ ಹೆಸರುಗಳೇ ಬೆಂಗಳೂರಿನ ಫುಟ್‌ಬಾಲ್‌ನ ಬೆನ್ನೆಲುಬಾಗಿದ್ದವು. ಆಟ ಇಲ್ಲಿಗೆ ಬಂದದ್ದು ದಂಡು ಪ್ರದೇಶದ ಸೈನಿಕರ ಜೊತೆಗೆ. ಸೈನಿಕರ ಆಟವನ್ನು ಅಂಚಿನಲ್ಲಿ ನಿಂತು ನೋಡಿ ಕಲಿತ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ತಮ್ಮದೇ ಕ್ಲಬ್‌ಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟಣಗಳ ಪಾಲಾಗುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ನಮ್ಮೂರಿನವರು. ಅದೇ ತಂಡದಲ್ಲಿದ್ದ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದ ಅಹ್ಮದ್ ಖಾನ್ ನಮ್ಮೂರಿನವರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಆ ತಂಡದಲ್ಲಿದ್ದ ಕೆಂಪಯ್ಯ ಕೂಡ ನಮ್ಮವರೇ.

ಆದರೆ ಇಂಥ ಪ್ರತಿಭೆಗಳಲ್ಲಿ ಹೆಚ್ಚಿನವರು ಅಲ್ಲಿನ ದೊಡ್ಡ ಕ್ಲಬ್‌ಗಳಿಗೆ ಆಡಲು ಕಲ್ಕತ್ತೆಯ ರೈಲು ಹತ್ತಬೇಕಾಗುತ್ತಿತ್ತು. ಊರಿನಲ್ಲೇ ಉಳಿದು, ಮದುವೆ ಮಾಡಿಕೊಂಡು, ಮಕ್ಕಳನ್ನು ಓದಿಸಿಕೊಂಡು ಫುಟ್‌ಬಾಲ್ ಆಡಬಹುದು ಎಂಬ ನೆಮ್ಮದಿಯನ್ನು ಕೊಟ್ಟಿದ್ದು ಸಾರ್ವಜನಿಕ ಉದ್ದಿಮೆಗಳು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಆರಂಭವಾದ ವಿಮಾನ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು; 1948ರಲ್ಲಿ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆ ಬಂತು; ಆಮೇಲೆ ಬಿಇಎಂಎಲ್, ರೈಲು ಗಾಲಿ ಕಾರ್ಖಾನೆ, ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು ಬಂದವು. ಇವುಗಳ ಜೊತೆಗೆ ಮೊದಲಿನಿಂದಲೂ ಇದ್ದ ಹಲಸೂರಿನ ಎಂಇಜಿ, ಎಎಸ್‌ಸಿ ಮುಂತಾದ ಸೇನಾ ತಂಡಗಳು, ಮಹಾಲೇಖಪಾಲರ ಕಚೇರಿಯ ನೌಕರರ ತಂಡ ಎಜಿಒಆರ್‌ಸಿ, ಕೊನೆಗೆ ತಮ್ಮ ಇಲಾಖೆಯದೇ ಹೆಸರಿನ ತಂಡ, ಹೀಗೆ ಅಶೋಕನಗರದ ಕ್ರೀಡಾಂಗಣದಲ್ಲಿ ಒಂದು ವಾರದ ಲೀಗ್ ಪಂದ್ಯಗಳನ್ನು ನೋಡಿದರೆ ಸರ್ಕಾರದ ಅರ್ಧ ಇಲಾಖೆಗಳು ಕಣ್ಣಮುಂದೆ ಬಂದುಹೋದಂತೆ ಇರುತ್ತಿತ್ತು. ನಮ್ಮ ದೇಶದಲ್ಲಿ ಸರ್ಕಾರವೇ ನಡೆಸುವ ಕ್ರೀಡಾ ವ್ಯವಸ್ಥೆ ಎಂಬುದು ಬಹುಮಟ್ಟಿಗೆ ಹೀಗೆ, ಯಾರೂ ಕೂತು ಯೋಜನೆ ಹಾಕದೆ, ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿ ಬೆಳೆದದ್ದು.

ಆ ವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂದಿನ ಅಧಿಕಾರಿಗಳಲ್ಲಿ ಅನೇಕರು ಅದನ್ನು ಕಂಡಿರಲಾರರು. ಲೀಗ್ ಮುಗಿಯುವ ಹೊತ್ತಿಗೆ ಟ್ರಯಲ್ಸ್‌ಗೆ ಕರೆಯುತ್ತಿದ್ದರು. ಆಯ್ಕೆಯಾದ ಹುಡುಗನಿಗೆ ಮೊದಲ ಒಂದೆರಡು ವರ್ಷ ಸ್ಟೈಪೆಂಡ್ ಕೊಟ್ಟು ತಂಡದಲ್ಲಿ ಆಡಿಸುತ್ತಿದ್ದರು. ಆಟವೂ ನಡತೆಯೂ ಸರಿಯಿದೆ ಎನಿಸಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಹೆಲ್ಪರ್ ಆಗಿಯೋ ಗುಮಾಸ್ತನಾಗಿಯೋ ಕಾಯಂ ಮಾಡುತ್ತಿದ್ದರು. ನಾನು ಸೇರಿದ್ದು ಸ್ಟೋರ್ಸ್ ವಿಭಾಗಕ್ಕೆ. ಬೆಳಿಗ್ಗೆ ಆರಕ್ಕೆ ಮೈದಾನ, ಎಂಟೂವರೆಗೆ ಕ್ಯಾಂಟೀನಿನಲ್ಲಿ ಎರಡು ಇಡ್ಲಿಯ ಜೊತೆಗೆ ಆಟಗಾರರಿಗೆಂದೇ ಕೊಡುತ್ತಿದ್ದ ಎರಡು ಮೊಟ್ಟೆ, ಒಂದು ಲೋಟ ಹಾಲು, ಒಂಬತ್ತಕ್ಕೆ ಕಾರ್ಡ್ ಪಂಚ್, ಮಧ್ಯಾಹ್ನದವರೆಗೆ ನಟ್ಟು ಬೋಲ್ಟುಗಳ ಲೆಕ್ಕ. ಲೀಗ್ ಪಂದ್ಯವಿದ್ದ ದಿನ ಊಟದ ಹೊತ್ತಿಗೆ ಫೋರ್‌ಮನ್ ಗೇಟ್ ಪಾಸ್‌ಗೆ ಸಹಿ ಹಾಕಿ, "ಸೋತು ಬಂದರೆ ನಾಳೆ ಎರಡು ಲಾರಿ ಲೋಡ್ ಇಳಿಸಬೇಕು ನೋಡು" ಎಂದು ಹೇಳಿ ಕಳುಹಿಸುತ್ತಿದ್ದರು. ಕಾರ್ಖಾನೆಯ ಬಸ್ಸಿನಲ್ಲಿ ಹೊರಟರೆ ನಮ್ಮ ಹಿಂದೆ ಮೊದಲ ಪಾಳಿ ಮುಗಿಸಿದ ಕಾರ್ಮಿಕರು ಸೈಕಲ್ಲಿನಲ್ಲಿ ಬರುತ್ತಿದ್ದರು. ಸಿಮೆಂಟಿನ ಗ್ಯಾಲರಿಯಲ್ಲಿ ಕಡಲೆಕಾಯಿ ಸಿಪ್ಪೆಯ ನಡುವೆ ಕೂತು ತಮಿಳು, ದಖನಿ, ಕನ್ನಡ ಮೂರರಲ್ಲೂ ನಮ್ಮನ್ನು ಹುರಿದುಂಬಿಸುತ್ತಿದ್ದವರು, ಬೈಯುತ್ತಿದ್ದವರು ಅವರೇ. ಕ್ಲಬ್ಬಿಗೆ ಅಭಿಮಾನಿಗಳು ಬೇಕು ಎಂದು ಇಂದು ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಜಾಹೀರಾತು ಕೊಡುವವರಿದ್ದಾರೆ. ನಮಗೆ ಅವರು ಮೂರು ಪಾಳಿಗಳಲ್ಲಿ ತಾವಾಗಿಯೇ ಸಿಕ್ಕಿದ್ದರು.

ಇದು ಬರೀ ನೌಕರರ ಮನರಂಜನೆಯ ಆಟವಾಗಿತ್ತು ಎಂದು ಯಾರಾದರೂ ಹೇಳಿದರೆ ಅವರಿಗೆ 1977ನೇ ಇಸವಿಯನ್ನು ನೆನಪಿಸಬೇಕು. ಆ ವರ್ಷ ದೇಶದ ಚಾಂಪಿಯನ್ ಕ್ಲಬ್ ಯಾವುದೆಂದು ನಿರ್ಣಯಿಸುವುದಕ್ಕಾಗಿ ಫೆಡರೇಷನ್ ಕಪ್ ಎಂಬ ಹೊಸ ಪಂದ್ಯಾವಳಿ ಎರ್ನಾಕುಲಂನಲ್ಲಿ ಆರಂಭವಾಯಿತು. ಅದರ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 1-0ಯಿಂದ ಸೋಲಿಸಿ ಮೊದಲ ಕಪ್ಪನ್ನು ತಂದದ್ದು ಬೆಂಗಳೂರಿನ ಐಟಿಐ. ಆ ಮೋಹನ್ ಬಾಗಾನ್ ಸಾಮಾನ್ಯ ತಂಡವಾಗಿರಲಿಲ್ಲ; ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡದೊಂದಿಗೆ 2-2ರ ಸಮಬಲ ಸಾಧಿಸಿದ ತಂಡ ಅದು. ಟೆಲಿಫೋನ್ ಜೋಡಿಸುವ ಕಾರ್ಖಾನೆಯ ನೌಕರರು ಅಂಥ ತಂಡವನ್ನು ಸೋಲಿಸಿದರು ಎಂಬ ಸುದ್ದಿ ನಮ್ಮ ಕೇರಿಗೆ ಬಂದಾಗ ನಾನು ಹೈಸ್ಕೂಲು ಮುಗಿಸುತ್ತಿದ್ದ ಹುಡುಗ. ನಾನೂ ಕಾರ್ಖಾನೆ ಸೇರಬೇಕು ಎಂದು ತೀರ್ಮಾನಿಸಿದ್ದು ಆ ವಾರದಲ್ಲಿ. ನನ್ನಂತೆ ತೀರ್ಮಾನಿಸಿದವರು ಎಷ್ಟು ಮಂದಿಯೋ.

ಮುಂದೆ ಆದದ್ದನ್ನು ಯಾರೋ ಒಬ್ಬರ ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ತೊಂಬತ್ತರ ದಶಕದಲ್ಲಿ ಆರ್ಥಿಕ ನೀತಿ ಬದಲಾಯಿತು, ಉದ್ದಿಮೆಗಳು ಸ್ವಯಂ ನಿವೃತ್ತಿ ಯೋಜನೆ ತಂದವು, ಹೊಸ ನೇಮಕಾತಿ ನಿಂತಿತು. ಸಾಮಾನ್ಯ ಕಾರ್ಮಿಕರನ್ನೇ ತೆಗೆದುಕೊಳ್ಳದ ಕಡೆ ಸ್ಪೋರ್ಟ್ಸ್ ಕೋಟಾ ಉಳಿಯುವುದು ಹೇಗೆ? ಇನ್ನೊಂದು ಕಡೆ ಆಟವೇ ಬದಲಾಗುತ್ತಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2007ರಲ್ಲಿ ಅದು ಐ-ಲೀಗ್ ಆಯಿತು, ವಿದೇಶಿ ಆಟಗಾರರನ್ನು ಕರೆತರುವ ಕ್ಲಬ್‌ಗಳ ಎದುರು ತಿಂಗಳ ಸಂಬಳದ ನೌಕರರು ಆಡಬೇಕಾಯಿತು. ಅಂಥ ಕಾಲದಲ್ಲೂ ಎಚ್‌ಎಎಲ್ ತಂಡವು ಎರಡನೇ ಡಿವಿಷನ್‌ನಿಂದ ಮೇಲೇರಿ 2010-11 ಮತ್ತು 2011-12ರ ಎರಡು ಋತುಗಳಲ್ಲಿ ಐ-ಲೀಗ್ ಆಡಿತು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಎರಡನೆಯ ಋತುವಿನ ಕೊನೆಗೆ ಅದು ಕೆಳಗಿಳಿಯಿತು. 2013ರಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬಿತ್ತು: ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿ ನಿಯಮಗಳನ್ನು ಪೂರೈಸಲಿಲ್ಲವೆಂದು ಏರ್ ಇಂಡಿಯಾ ಮತ್ತು ಒಎನ್‌ಜಿಸಿ ಎರಡನ್ನೂ ಐ-ಲೀಗ್‌ನಿಂದ ಹೊರಗಿಟ್ಟರು. ಕ್ಲಬ್ಬಿಗೆ ತನ್ನದೇ ಕಾನೂನುಬದ್ಧ ಅಸ್ತಿತ್ವ ಇರಬೇಕು, ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಬೇರೆಯಾಗಿರಬೇಕು ಎಂದು ಆ ನಿಯಮಗಳು ಹೇಳುತ್ತವೆ. ಕಾರ್ಖಾನೆಯ ಕಲ್ಯಾಣ ವಿಭಾಗದ ಒಂದು ಕಡತದೊಳಗೆ ಬದುಕುತ್ತಿದ್ದ ತಂಡಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ.

ಅದೇ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಖಾಸಗಿ ಬಂಡವಾಳ ಈ ಊರಿನ ಫುಟ್‌ಬಾಲ್‌ಗೆ ಒಳ್ಳೆಯದನ್ನು ಮಾಡಿದೆ, ಅದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಒಂದು ವೃತ್ತಿಪರ ಕ್ಲಬ್ ಇಡೀ ನಗರದಿಂದ ವರ್ಷಕ್ಕೆ ಎಷ್ಟು ಹುಡುಗರನ್ನು ತೆಗೆದುಕೊಳ್ಳಬಲ್ಲದು? ದೇಶದ ಮೂಲೆಮೂಲೆಯಿಂದ ಬಂದ ಆಟಗಾರರ ನಡುವೆ ನಮ್ಮ ಕೇರಿಯ ಒಬ್ಬನಿಗೋ ಇಬ್ಬರಿಗೋ ಜಾಗ ಸಿಕ್ಕಿದರೆ ಅದೇ ದೊಡ್ಡದು. ಅವರ ಕೆಳಗೆ, ಭಾರತ ತಂಡಕ್ಕೆ ಆಡಲಾರದ, ಆದರೆ ರಾಜ್ಯಕ್ಕೆ ಆಡಬಲ್ಲ ನೂರಾರು ಹುಡುಗರ ಒಂದು ಪದರ ಇದೆ. ಸಂತೋಷ್ ಟ್ರೋಫಿ ಗೆಲ್ಲಿಸಿಕೊಡುವುದು ಆ ಪದರ. ಅವರನ್ನು ಇಪ್ಪತ್ತರಿಂದ ಮೂವತ್ತರ ವಯಸ್ಸಿನವರೆಗೆ ಆಟದಲ್ಲಿ ಹಿಡಿದಿಡುತ್ತಿದ್ದುದು ಕಾರ್ಖಾನೆ ತಂಡಗಳು. ಈಗ ಆ ವಯಸ್ಸಿನ ಹುಡುಗರು ಬೈಕಿನಲ್ಲಿ ಊಟ ತಲುಪಿಸುತ್ತಾ, ಭಾನುವಾರ ಬಾಡಿಗೆ ಟರ್ಫ್‌ಗಳಲ್ಲಿ ಐದೈದು ಮಂದಿಯ ಪಂದ್ಯಕ್ಕೆ ಒಂದು ಸಾವಿರ ರೂಪಾಯಿಗೆ ಆಡಿ ಮೊಣಕಾಲು ಮುರಿದುಕೊಳ್ಳುತ್ತಿದ್ದಾರೆ. ಚಿಕಿತ್ಸೆಯ ಖರ್ಚು ಕೊಡುವವರು ಯಾರೂ ಇಲ್ಲ. ನನ್ನ ಕಾಲದಲ್ಲಿ ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಪೂರ್ತಿ ವೆಚ್ಚವನ್ನು ಕಾರ್ಖಾನೆಯೇ ಭರಿಸಿತ್ತು, ಮೂರು ತಿಂಗಳ ಸಂಬಳವನ್ನೂ ಕಡಿತ ಮಾಡದೆ ಕೊಟ್ಟಿತ್ತು.

ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮ ತಂಡದಲ್ಲಿ ಉಳಿದಿದ್ದ ಅತ್ಯಂತ ಕಿರಿಯ ಆಟಗಾರನಿಗೆ ನಲವತ್ತೊಂದು ವರ್ಷ. ಅವನ ನಂತರ ಯಾರನ್ನೂ ತೆಗೆದುಕೊಂಡಿರಲಿಲ್ಲ. ಹನ್ನೊಂದು ಮಂದಿಯನ್ನು ಕೂಡಿಸಲು ಆಟ ಬಿಟ್ಟು ದಶಕವಾಗಿದ್ದವರನ್ನೂ ಕರೆತಂದು ಒಂದು ಋತು ತಳ್ಳಿದೆವು. ಮರುವರ್ಷ ಪ್ರವೇಶ ಶುಲ್ಕ ಕಟ್ಟಬೇಕಾದ ಕಡತ ಮೇಜಿನಿಂದ ಮೇಜಿಗೆ ಹೋಗಿ, ಕೊನೆಯ ದಿನಾಂಕ ಕಳೆದ ಮೇಲೆ ಮರಳಿ ಬಂತು. ತಂಡವನ್ನು ಮುಚ್ಚುತ್ತೇವೆ ಎಂದು ಯಾರೂ ಆದೇಶ ಹೊರಡಿಸಲಿಲ್ಲ, ಒಂದು ಬೀಳ್ಕೊಡುಗೆಯೂ ಆಗಲಿಲ್ಲ. ಕ್ರೀಡಾ ಕೊಠಡಿಯ ಗಾಜಿನ ಬೀರುವಿನಲ್ಲಿ ಒಂದು ಮರದ ರೋಲಿಂಗ್ ಶೀಲ್ಡ್ ಇತ್ತು. ಅದರ ಅಂಚಿನಲ್ಲಿ ಗೆದ್ದ ವರ್ಷಗಳನ್ನು ಕೆತ್ತಿದ ಬೆರಳುದ್ದದ ಹಿತ್ತಾಳೆ ತಗಡುಗಳು, ಕೊನೆಯ ವರ್ಷದ ಕೆಳಗೆ ಇನ್ನೂ ಕೆತ್ತದ ಒಂಬತ್ತು ಖಾಲಿ ತಗಡುಗಳು. ನಿವೃತ್ತಿಯ ದಿನ ಅವುಗಳನ್ನು ಎಣಿಸಿದ್ದೆ, ಅದಕ್ಕಾಗಿಯೇ ಸಂಖ್ಯೆ ನೆನಪಿದೆ.

ಈಗ ತಾವು ಕೇಳಬಹುದಾದ ಪ್ರಶ್ನೆಗೆ ಬರುತ್ತೇನೆ. ವಿಮಾನ ಕಟ್ಟುವ, ಯಂತ್ರ ತಯಾರಿಸುವ ಸಂಸ್ಥೆ ಫುಟ್‌ಬಾಲ್ ತಂಡ ಏಕೆ ಸಾಕಬೇಕು? ಅದು ಜನರ ತೆರಿಗೆಯ ಹಣವಲ್ಲವೇ? ಮೂವತ್ತರ ನಂತರ ಆಡಲಾರದ ಮನುಷ್ಯನಿಗೆ ಅರವತ್ತರವರೆಗೆ ಸಂಬಳ ಕೊಡುವುದು ಯಾವ ನ್ಯಾಯ? ಇವು ಹಗುರವಾದ ಪ್ರಶ್ನೆಗಳಲ್ಲ. ಹಳೆಯ ಪದ್ಧತಿಯಲ್ಲಿ ದೋಷಗಳಿದ್ದವು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಆಟದ ಹೆಸರಿನಲ್ಲಿ ಸೇರಿ ಎರಡೇ ವರ್ಷಕ್ಕೆ ಬೂಟು ಬಿಚ್ಚಿಟ್ಟವರಿದ್ದರು. ಶಿಫಾರಸಿನ ಮೇಲೆ ಬಂದವರಿದ್ದರು. ಕೆಲಸ ಕಲಿಯದೆ ಇಡೀ ಸೇವಾವಧಿಯನ್ನು ನೋಟೀಸ್ ಬೋರ್ಡಿನ ಮುಂದೆ ಕಳೆದವರಿದ್ದರು. ಆದರೆ ಅದೇ ಪದ್ಧತಿಯಲ್ಲಿ ರಾತ್ರಿ ಕಾಲೇಜಿಗೆ ಹೋಗಿ ಡಿಪ್ಲೊಮಾ ಮಾಡಿ ಸೂಪರ್‌ವೈಸರ್ ಆದವರೂ ಇದ್ದರು, ಮೈದಾನದಲ್ಲಿ ಕಲಿತ ಶಿಸ್ತನ್ನು ಅಸೆಂಬ್ಲಿ ಲೈನಿಗೆ ತಂದವರೂ ಇದ್ದರು. ನನ್ನ ವಿಭಾಗದ ಮೂರು ಕಾರ್ಮಿಕ ಸಂಘಗಳು ಒಂದಾಗಿ ಕೂರುತ್ತಿದ್ದುದು ತಂಡದ ಪಂದ್ಯದ ದಿನ ಮಾತ್ರ. ದೋಷವಿದ್ದ ಪದ್ಧತಿಯನ್ನು ತಿದ್ದಬೇಕಿತ್ತು. ಅದನ್ನು ತಿದ್ದದೆ, ಸದ್ದಿಲ್ಲದೆ ಸಾಯಲು ಬಿಟ್ಟೆವು.

ಪಕ್ಕದ ಕೇರಳವನ್ನು ನೋಡೋಣ. ತ್ರಿಶ್ಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಹುಡುಗನೊಬ್ಬನನ್ನು ಹದಿಹರೆಯದಲ್ಲೇ ಅಲ್ಲಿನ ಪೊಲೀಸ್ ಇಲಾಖೆ ತನ್ನ ತಂಡಕ್ಕೆ ಸೇರಿಸಿಕೊಂಡಿತು. ಆ ಹುಡುಗ ಐ. ಎಂ. ವಿಜಯನ್. ವಿ. ಪಿ. ಸತ್ಯನ್ ಮುಂತಾದವರ ಜೊತೆ ಸೇರಿ ಆ ಪೊಲೀಸ್ ತಂಡವು 1990ರಲ್ಲಿಯೂ 1991ರಲ್ಲಿಯೂ ಫೆಡರೇಷನ್ ಕಪ್ ಗೆದ್ದಿತು. ವಿಜಯನ್ ಭಾರತದ ನಾಯಕರಾದರು, 2025ರಲ್ಲಿ ಪದ್ಮಶ್ರೀ ಪಡೆದರು. ನಡುವೆ ಕಲ್ಕತ್ತೆಯ ದೊಡ್ಡ ಕ್ಲಬ್‌ಗಳಿಗೆ ಆಡಲು ಹೋದ ಅವರು ಕೊನೆಗೆ ನಿವೃತ್ತರಾದದ್ದು ಅದೇ ಇಲಾಖೆಯ ಅಧಿಕಾರಿಯಾಗಿ. ಒಂದು ಸರ್ಕಾರಿ ಇಲಾಖೆ ಸರಿಯಾದ ವಯಸ್ಸಿನಲ್ಲಿ ಸರಿಯಾದ ಹುಡುಗನ ಕೈ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ಸರ್ಕಾರ ನಡೆಸುವ ಫುಟ್‌ಬಾಲ್ ಕೆಟ್ಟ ದಾರಿಯನ್ನೂ ಹಿಡಿದದ್ದುಂಟು. ಸೋವಿಯತ್ ಒಕ್ಕೂಟದಲ್ಲಿ ಸೇನೆಗೆ ಒಂದು ಕ್ಲಬ್, ರೈಲ್ವೆಗೆ ಲೋಕೊಮೋಟಿವ್, ಗುಪ್ತ ಪೊಲೀಸರಿಗೆ ಡೈನಮೊ ಎಂದು ಹಂಚಿಕೆಯಾಗಿತ್ತು. ಪೂರ್ವ ಜರ್ಮನಿಯಲ್ಲಿ 1954ರಲ್ಲಿ ಡ್ರೆಸ್ಡನ್ನಿನ ಚಾಂಪಿಯನ್ ತಂಡದ ಆಟಗಾರರನ್ನೇ ಎತ್ತಿ ರಾಜಧಾನಿ ಬರ್ಲಿನ್ನಿಗೆ ಸಾಗಿಸಿದರು; ಮುಂದೆ ಗುಪ್ತಚರ ಮಂತ್ರಿಯ ಕೃಪೆಯಲ್ಲಿದ್ದ ಬರ್ಲಿನ್ನಿನ ಆ ಡೈನಮೊ ತಂಡ 1979ರಿಂದ 1988ರವರೆಗೆ ಸತತ ಹತ್ತು ಬಾರಿ ಲೀಗ್ ಗೆದ್ದಾಗ ಜನ ಅದನ್ನು ನಂಬಲಿಲ್ಲ, ದ್ವೇಷಿಸಿದರು. ಅಲ್ಲಿ ಅಧಿಕಾರ ಆಟಕ್ಕೆ ಕೈ ಹಾಕಿತು. ನಮ್ಮಲ್ಲಿ ಅಧಿಕಾರ ಆಟದ ಕೈ ಬಿಟ್ಟಿತು. ಬೆಂಗಳೂರಿನಲ್ಲಿ ಕಾರ್ಖಾನೆ ತಂಡಕ್ಕೆ ಪರವಾಗಿ ಸೀಟಿ ಊದು ಎಂದು ರೆಫರಿಗೆ ಯಾವ ಮಂತ್ರಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮ ತಂಡಗಳು ಸೋತಾಗ ಸೋತವು, ಗೆದ್ದಾಗ ನ್ಯಾಯವಾಗಿ ಗೆದ್ದವು. ಈ ಒಳ್ಳೆಯ ಹೆಸರನ್ನು ಉಳಿಸಿಕೊಂಡೇ ಅವುಗಳನ್ನು ಮರಳಿ ಕಟ್ಟಬಹುದು.

ಮೈದಾನದ ವಿಷಯ ನನ್ನ ಮಟ್ಟಿಗೆ ನೇಮಕಾತಿಗಿಂತಲೂ ತುರ್ತಿನದು. ಬೆಂಗಳೂರಿನಲ್ಲಿ ಪೂರ್ಣ ಅಳತೆಯ ಹುಲ್ಲಿನ ಫುಟ್‌ಬಾಲ್ ಮೈದಾನಗಳು ಎಷ್ಟು ಅಪರೂಪವೆಂದು ಮಕ್ಕಳಿಗೆ ಆಟ ಕಲಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ. ಇರುವ ಖಾಲಿ ಜಾಗಗಳಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಬಾಡಿಗೆಯ ಬಲೆ ಹಾಕಿದ ಟರ್ಫ್‌ಗಳು ಎದ್ದಿವೆ. ಹಲಸೂರಿನ ಗೌತಮಪುರದಲ್ಲಿ ಜನ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ, ಅಲ್ಲಿ ಫುಟ್‌ಬಾಲ್ ಆಡದ ಮನೆ ಸಿಗುವುದು ಕಷ್ಟ; ಆದರೂ ಮಕ್ಕಳು ಗಲ್ಲಿಯಲ್ಲಿ, ನಿಲ್ಲಿಸಿದ ಸ್ಕೂಟರುಗಳ ನಡುವೆ ಆಡುತ್ತಾರೆ. ಇದೇ ಊರಿನಲ್ಲಿ ಸಾರ್ವಜನಿಕ ಉದ್ದಿಮೆಗಳ ಕಾಂಪೌಂಡಿನೊಳಗೆ ವಿಶಾಲವಾದ ಮೈದಾನಗಳಿವೆ. ಅಂಥ ಒಂದು ಮೈದಾನಕ್ಕೆ ಕಳೆದ ವರ್ಷ ನಾನು ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹುಲ್ಲನ್ನು ಆಗಷ್ಟೇ ಕತ್ತರಿಸಿದ್ದರು, ಸುಣ್ಣದ ಗೆರೆಯೂ ಇತ್ತು, ಆದರೆ ಒಳಗೆ ಒಬ್ಬ ಆಟಗಾರನೂ ಇರಲಿಲ್ಲ. ಕಾವಲುಗಾರನ ತಪ್ಪಿಲ್ಲ, ಅವನಿಗೆ ಆದೇಶವಿತ್ತು. "ನೌಕರರ ಮಕ್ಕಳಾದರೆ ಗುರುತಿನ ಚೀಟಿ ತೋರಿಸಿ ಸಾರ್, ಹೊರಗಿನವರನ್ನು ಬಿಡುವಂತಿಲ್ಲ" ಎಂದ. ನನ್ನ ನಿವೃತ್ತಿಯ ಗುರುತಿನ ಚೀಟಿಯ ಮೇಲೆ ನನ್ನೊಬ್ಬನನ್ನು ಒಳಗೆ ಬಿಡಲು ಸಿದ್ಧನಿದ್ದ. ಮಕ್ಕಳು ತಂತಿಬೇಲಿಗೆ ಮುಖ ಒತ್ತಿ ನಿಂತರು. ಅಟ್ಟೆ ಕಿತ್ತ ಬೂಟನ್ನು ಹುರಿಯಿಂದ ಪಾದಕ್ಕೆ ಬಿಗಿದುಕೊಂಡಿದ್ದ ಒಬ್ಬಳು ಹುಡುಗಿ, "ಎಷ್ಟು ಮೆತ್ತಗಿದೆ ಅಲ್ವಾ ಅಂಕಲ್" ಎಂದಳು. ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಹುಲ್ಲನ್ನು ಮುಟ್ಟಿ ನೋಡುತ್ತಿದ್ದಳು.

ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ. ರಕ್ಷಣಾ ಉತ್ಪಾದನೆಯ ಆವರಣಕ್ಕೆ ಯಾರೂ ಬೇಕಾಬಿಟ್ಟಿ ನುಗ್ಗುವಂತಿರಬಾರದು. ಆದರೆ ಅನೇಕ ಉದ್ದಿಮೆಗಳ ಮೈದಾನಗಳು ಇರುವುದು ಕಾರ್ಖಾನೆಯ ಒಳಗೋಡೆಯ ಹೊರಗೆ, ವಸತಿ ಬಡಾವಣೆಯ ಪಕ್ಕದಲ್ಲಿ. ಅಲ್ಲಿಗೆ ರಸ್ತೆಯ ಕಡೆಯಿಂದ ಒಂದು ಚಿಕ್ಕ ಗೇಟು, ನೋಂದಾಯಿತ ಮಕ್ಕಳಿಗೆ ಫೋಟೊ ಇರುವ ಪಾಸು, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಒಬ್ಬ ಅಧಿಕಾರಿಯ ಸುತ್ತೋಲೆ ಸಾಕು.

ಹಣದ ದಾರಿಯೂ ಈಗಾಗಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳು, ರಾಷ್ಟ್ರೀಯ ಮಾನ್ಯತೆಯ ಕ್ರೀಡೆಗಳು ಹಾಗೂ ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಸೇರಿದೆ. ನೌಕರರಿಗೆ ಮಾತ್ರ ಅನುಕೂಲವಾಗುವ ಕೆಲಸಕ್ಕೆ ಈ ಹಣ ಬಳಸುವಂತಿಲ್ಲ, ಆದ್ದರಿಂದ ನೌಕರರ ತಂಡವನ್ನು ಇದರಿಂದ ನಡೆಸಲಾಗದು ಎಂಬುದು ನನಗೆ ತಿಳಿದಿದೆ. ಆದರೆ ಸುತ್ತಲಿನ ಬಡಾವಣೆಗಳ ಹನ್ನೆರಡು, ಹದಿನೈದು, ಹದಿನೆಂಟು ವರ್ಷದೊಳಗಿನ ಹುಡುಗ ಹುಡುಗಿಯರ ತಂಡಗಳನ್ನು ನಡೆಸಲು ಯಾವ ಅಡ್ಡಿಯೂ ಇಲ್ಲ. ಕ್ಲಬ್ ಪರವಾನಗಿಯ ನಿಯಮಗಳು ಕೇಳುವುದು ಇಂಥ ಕಿರಿಯರ ತಂಡಗಳನ್ನೇ. ನೌಕರರ ತಂಡ ಕಲ್ಯಾಣ ನಿಧಿಯಿಂದ, ಮಕ್ಕಳ ತಂಡಗಳು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ, ಎರಡೂ ಒಂದೇ ನೋಂದಾಯಿತ ಕ್ರೀಡಾ ಸಂಘದ ಹೆಸರಿನಲ್ಲಿ ನಡೆದರೆ, 2013ರಲ್ಲಿ ಇಲಾಖಾ ತಂಡಗಳನ್ನು ಹೊರಗೆ ಹಾಕಿದ ಕಾರಣಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.

ನೇಮಕಾತಿಯ ಬಗ್ಗೆ ನಾನು ಕೇಳುತ್ತಿರುವುದು ಹಳೆಯ ಕಾಲದಂತೆ ಡಜನ್‌ಗಟ್ಟಲೆ ಕೆಲಸಗಳನ್ನಲ್ಲ. ತಂಡವಿರುವ, ಅಥವಾ ಮೊನ್ನೆಮೊನ್ನೆಯವರೆಗೆ ಇದ್ದ ಪ್ರತಿಯೊಂದು ಉದ್ದಿಮೆ ವರ್ಷಕ್ಕೆ ಮೂರು ಹುದ್ದೆಗಳನ್ನು ಫುಟ್‌ಬಾಲ್‌ಗೆ ಮೀಸಲಿಡಲಿ, ಅವುಗಳಲ್ಲಿ ಒಂದಾದರೂ ಮಹಿಳಾ ಆಟಗಾರ್ತಿಗೆ ಇರಲಿ. ಆಯ್ಕೆ ಮುಚ್ಚಿದ ಕೋಣೆಯಲ್ಲಿ ಆಗದೆ, ದಿನಾಂಕ ಪ್ರಕಟಿಸಿ, ಅಶೋಕನಗರದ ಮೈದಾನದಲ್ಲಿ ಎಲ್ಲರೆದುರು ಟ್ರಯಲ್ಸ್ ಮೂಲಕ ಆಗಲಿ, ಅಂಕಪಟ್ಟಿಯನ್ನು ಅದೇ ಸಂಜೆ ಅಂಟಿಸಲಿ. ಸೇರಿದವರಿಗೆ ಮೊದಲ ದಿನದಿಂದಲೇ ಒಂದು ಕುಶಲ ಕೆಲಸದ ತರಬೇತಿ ಕಡ್ಡಾಯವಾಗಲಿ. ಆಟ ನಿಂತ ದಿನ ಅವನೋ ಅವಳೋ ಕಾರ್ಖಾನೆಗೆ ಹೊರೆ ಎನಿಸಬಾರದು. ಕೇಂದ್ರ ಸರ್ಕಾರಿ ನೌಕರರಿಗೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಗಳಿಗಾಗಿ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಅದೇ ಸವಲತ್ತು ಸಾರ್ವಜನಿಕ ಉದ್ದಿಮೆಯ ಗುತ್ತಿಗೆ ಆಟಗಾರನಿಗೂ ಸಿಗಬೇಕು.

ಮಾನ್ಯ ಸಚಿವರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ರಾಜ್ಯದ ಕ್ರೀಡಾ ವಸತಿ ನಿಲಯಗಳಲ್ಲಿ ಸರ್ಕಾರ ಊಟ, ವಸತಿ, ಶಾಲೆ ಕೊಟ್ಟು ಮಕ್ಕಳನ್ನು ಬೆಳೆಸುತ್ತದೆ. ಹದಿನೆಂಟು ತುಂಬಿದ ದಿನ ಆ ಹುಡುಗ ಟ್ರಂಕು ಹೊತ್ತು ಹೊರಬರುತ್ತಾನೆ. ಐದಾರು ವರ್ಷ ನೀರೆರೆದ ಗಿಡ ಹೂ ಬಿಡುವ ಹೊತ್ತಿಗೆ ನಾವು ನೀರು ನಿಲ್ಲಿಸುತ್ತೇವೆ. ವಸತಿ ನಿಲಯದ ಕೊನೆಯ ವರ್ಷದ ಮಕ್ಕಳ ಪಟ್ಟಿಯನ್ನು ಎಲ್ಲ ಉದ್ದಿಮೆಗಳಿಗೂ ಕಳುಹಿಸಿ, ಟ್ರಯಲ್ಸ್‌ಗೆ ಅವರನ್ನು ಇಲಾಖೆಯೇ ಕರೆತರುವ ಏರ್ಪಾಡು ಮಾಡಿದರೆ ಧಾರವಾಡದ, ಬೀದರಿನ, ಮಡಿಕೇರಿಯ ಹುಡುಗನಿಗೂ ಬೆಂಗಳೂರಿನ ಲೀಗ್‌ನಲ್ಲಿ ಒಂದು ಅವಕಾಶ ಸಿಗುತ್ತದೆ. ಜೊತೆಗೆ ರಾಜ್ಯ ಮತ್ತು ಜಿಲ್ಲಾ ಫುಟ್‌ಬಾಲ್ ಸಂಸ್ಥೆಗಳೊಂದಿಗೆ ಮಾತನಾಡಿ, ಇಲಾಖಾ ತಂಡಗಳ ಮುಖ್ಯ ಪಂದ್ಯಗಳನ್ನಾದರೂ ವಾರದ ದಿನದ ಮಧ್ಯಾಹ್ನದಿಂದ ಭಾನುವಾರದ ಸಂಜೆಗೆ ತರಬೇಕು. ಈಗಿನ ಕಾರ್ಮಿಕ ಸೈಕಲ್ಲಿನಲ್ಲಿ ಬರುವವನಲ್ಲ, ಎರಡು ಮೆಟ್ರೊ ಬದಲಿಸಿ ಬರಬೇಕಾದವನು.

ಕೊನೆಯದಾಗಿ ನನ್ನ ಬಿನ್ನಹ ಇಷ್ಟು. ಮುಂದಿನ ನೇಮಕಾತಿ ಅಧಿಸೂಚನೆಗಳು ಸಿದ್ಧವಾಗುವ ಮುನ್ನ ಮಾನ್ಯ ಸಚಿವರು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಸಿಬ್ಬಂದಿ ವಿಭಾಗದ ಮುಖ್ಯಸ್ಥರನ್ನೂ ಫುಟ್‌ಬಾಲ್ ಸಂಸ್ಥೆಯ ಪದಾಧಿಕಾರಿಗಳನ್ನೂ ಒಂದೇ ಮೇಜಿಗೆ ಕರೆಯಬೇಕು. ಯಾವ ಉದ್ದಿಮೆಯ ಬಳಿ ಎಷ್ಟು ಮೈದಾನಗಳಿವೆ, ಅವು ದಿನಕ್ಕೆ ಎಷ್ಟು ಗಂಟೆ ಬಳಕೆಯಾಗುತ್ತಿವೆ, ಫುಟ್‌ಬಾಲ್ ಆಟಗಾರರನ್ನು ಕೊನೆಯ ಬಾರಿ ತೆಗೆದುಕೊಂಡದ್ದು ಯಾವ ವರ್ಷ ಎಂಬ ಮೂರು ಮಾಹಿತಿಗಳನ್ನು ಆ ಸಭೆಯ ಮುಂದಿಟ್ಟು, ಆಮೇಲೆ ಸಾರ್ವಜನಿಕರಿಗೂ ತಿಳಿಸಬೇಕು. ಕಾರ್ಖಾನೆ ತಂಡಗಳಲ್ಲಿ ಆಡಿ ನಿವೃತ್ತರಾದ ನಾವು ಹದಿನಾಲ್ಕು ಮಂದಿ, ಯಾವ ಸಂಭಾವನೆಯನ್ನೂ ಕೇಳದೆ ಮಕ್ಕಳಿಗೆ ಕಲಿಸಲು ಸಿದ್ಧರಿದ್ದೇವೆ. ನಮ್ಮಲ್ಲಿ ಮೂವರಿಗೆ ತರಬೇತುದಾರರ ಪರವಾನಗಿಯೂ ಇದೆ. ಗೇಟು ತೆರೆಯಲು ಒಪ್ಪಿಗೆ ಸಿಕ್ಕ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಚೆಂಡು, ಕೋನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಸಮೇತ ನಾವು ಅಲ್ಲಿರುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಖಾನೆ ತಂಡವೊಂದರ ಹಳೆಯ ಸ್ಟಾಪರ್ ಬ್ಯಾಕ್,
ಬೆಂಗಳೂರು